ಟೊಳ್ಳು ಮರ, ತಲೆಕೆಳಗಿನ ಹಕ್ಕಿ

ಅಪ್ಪನಿಗೆ ಮರ ಕಂಡರೆ ತಟ್ಟದೆ ಮುಂದೆ ಹೋಗಲು ಆಗುವುದಿಲ್ಲ. ಮದುವೆ ಮನೆಯ ಅಂಗಳದ ಬೇವಾಗಲಿ, ಗುಡಿ ಮುಂದಿನ ಅರಳಿಯಾಗಲಿ, ಬಸ್ಸಿಗೆ ಕಾಯುವಾಗ ಬೆನ್ನ ಹಿಂದೆ ನಿಂತ ಹುಣಸೆಯಾಗಲಿ, ಮೊದಲು ಅಂಗೈಯಿಂದ ಎರಡು ಸಲ ತಟ್ಟುತ್ತಾರೆ, ಆಮೇಲೆ ಬೆರಳ ಗೆಣ್ಣಿನಿಂದ ಒಂದು ಸಲ ಕುಟ್ಟಿ, ಕತ್ತು ವಾಲಿಸಿ ಕೇಳಿಸಿಕೊಳ್ಳುತ್ತಾರೆ. ತುಮಕೂರಿನಲ್ಲಿ ನಮ್ಮದೊಂದು ಚಿಕ್ಕ ಸಾಮಿಲ್ ಇತ್ತು. 32 ವರ್ಷ ಅಪ್ಪ ಅದನ್ನು ನಡೆಸಿದರು. ಹೊಲದ ಬದುವಿನ ಮರವನ್ನು ನಿಂತ ಹಾಗೇ ಕೊಳ್ಳುವ ವ್ಯಾಪಾರ. ಒಳಗೆ ಚೇಗು, ಅಂದರೆ ನಡುವಿನ ಗಟ್ಟಿ ಭಾಗ, ಎಷ್ಟಿದೆ, ಲಡ್ಡು, ಅಂದರೆ ಕೊಳೆತ ಭಾಗ, ಎಲ್ಲಿಂದ ಹಿಡಿದಿದೆ ಅನ್ನುವುದು ಕೊಯ್ದ ಮೇಲೆ ಗೊತ್ತಾದರೆ ಏನು ಪ್ರಯೋಜನ? ಹಾಗಾಗಿ ಅಂಗೈಯೇ ಅವರ ತಕ್ಕಡಿ. ಗಟ್ಟಿ ಮರ ಕೈಯನ್ನು ವಾಪಸ್ಸು ತಳ್ಳುತ್ತದೆ, ಟೊಳ್ಳು ಮರ ಕೈಯನ್ನು ಒಳಕ್ಕೆ ಕರೆಯುತ್ತದೆ ಅನ್ನುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ತಟ್ಟಿ ತಟ್ಟಿ ನೋಡುತ್ತಿದ್ದೆ. ಹತ್ತು ಹನ್ನೆರಡು ವರ್ಷದ ಹೊತ್ತಿಗೆ ನನಗೂ ಆ ವ್ಯತ್ಯಾಸ ಕೈಗೆ ಹತ್ತಿತು.

ಅಪ್ಪ "ಟೊಳ್ಳು" ಅಂದರೆ ಆ ಮರದ ಮಾತು ಅಲ್ಲಿಗೆ ಮುಗಿಯಿತು. ಹಲಗೆಗೆ ಬಾರದು, ತೊಲೆಗೆ ಬಾರದು, ಸೌದೆ ಲೆಕ್ಕದಲ್ಲಿ ಹೋಗಬೇಕು. ಇದನ್ನೇ ಕೇಳಿಕೊಂಡು ಬೆಳೆದ ನನಗೂ ಮರಗಳಲ್ಲಿ ಎರಡೇ ಜಾತಿ ಇದ್ದವು. 6 ವರ್ಷದ ಹಿಂದೆ ಮುತ್ತೋಡಿಯ ಕಾಡಿನಲ್ಲಿ ಒಂದು ಹಕ್ಕಿ ಕಂಡೆ. ಗುಬ್ಬಚ್ಚಿಗಿಂತ ಚಿಕ್ಕದು. ಅದೂ ಅಪ್ಪನ ಹಾಗೆ ಮರವನ್ನು ಕುಟ್ಟಿ ಕುಟ್ಟಿ ನೋಡುತ್ತಿತ್ತು. ಆದರೆ ಅದು ಬಾಳುವೆ ಮಾಡುವುದು ಅಪ್ಪ ಬೇಡವೆಂದು ಬಿಟ್ಟು ಬರುತ್ತಿದ್ದಂಥ ಮರದಲ್ಲಿ. ಅವತ್ತಿನಿಂದ ಈ ಎರಡೂ ಸದ್ದು ನನ್ನ ತಲೆಯೊಳಗೆ ಪಕ್ಕಪಕ್ಕದಲ್ಲೇ ಕೂತಿವೆ.

ಮುತ್ತೋಡಿಯ ಮತ್ತಿ ಮರ

ಡಿಸೆಂಬರ್ ತಿಂಗಳು, ಬೆಳಿಗ್ಗೆ ಏಳೂವರೆ ಇರಬೇಕು. ಭದ್ರಾ ಅಭಯಾರಣ್ಯದ ಆ ಭಾಗದಲ್ಲಿ ಚಳಿಗಾಲದ ಮಂಜು ಬಿಸಿಲು ಬಂದ ಮೇಲೂ ಬಹಳ ಹೊತ್ತು ಮರಗಳ ನಡುವೆ ನಿಂತಿರುತ್ತದೆ. ಹಕ್ಕಿ ನೋಡಲು ಕಾಡಿಗೆ ಹೋದವರಿಗೆಲ್ಲ ಗೊತ್ತಿರುವ ಸಂಗತಿ, ಅರ್ಧ ಗಂಟೆ ನಡೆದರೂ ಒಂದು ಎಲೆ ಅಲುಗುವುದಿಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಸಂತೆ ನೆರೆಯುತ್ತದೆ. ಅವತ್ತೂ ಹಾಗೇ ಆಯಿತು. ಮೊದಲು ನೆತ್ತಿಯ ಮೇಲೆ ಚಿತ್ರಪಕ್ಷಿಗಳ ಕೆಂಪು ಹಳದಿ ಮಿಂಚಿತು. ಹಿಂದೆಯೇ ಚೇಕಡಿಗಳು ತುದಿ ರೆಂಬೆಗಳಿಗೆ ಜೋತುಬಿದ್ದವು. ಗುಂಪು ಎಬ್ಬಿಸಿದ ಹುಳಗಳನ್ನು ಗಾಳಿಯಲ್ಲೇ ಹಿಡಿಯಲು ಒಂದು ಕಾಜಾಣ ಮಧ್ಯದ ಕೊಂಬೆಯಲ್ಲಿ ಕಾದು ಕೂತಿತು. ಒಂದೊಂದು ಜಾತಿಗೆ ಮರದ ಒಂದೊಂದು ಭಾಗ, ಯಾರೂ ಯಾರ ಪಾಲಿಗೂ ಕೈ ಹಾಕುವುದಿಲ್ಲ. ತುದಿ ಅವರದ್ದು, ಎಲೆ ಇವರದ್ದು, ಗಾಳಿ ಇನ್ನೊಬ್ಬರದ್ದು. ಕಾಂಡ ಖಾಲಿ ಇದೆ ಅಂದುಕೊಳ್ಳುವಷ್ಟರಲ್ಲಿ "ಚಿಟ್ ಚಿಟ್ ಚಿಟ್" ಅಂತ ಗಡಸಾದ ಸಣ್ಣ ಸದ್ದು ಕೇಳಿಸಿತು.

ಎದುರಿಗೆ ದೊಡ್ಡದೊಂದು ಮತ್ತಿ ಮರ. ಮತ್ತಿಯ ತೊಗಟೆ ನೋಡಿದವರಿಗೆ ವಿವರಿಸಬೇಕಾಗಿಲ್ಲ, ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಬಿರಿದಿರುತ್ತದೆ. ಆ ಬಿರುಕುಗಳ ಮೇಲೆ ನೀಲಿ ಬಣ್ಣದ್ದೇನೋ ಜಾರುತ್ತಿತ್ತು. ಬೈನಾಕ್ಯುಲರ್ ಹಿಡಿದೆ. ಬೆನ್ನೆಲ್ಲ ನೇರಳೆ ಬೆರೆತ ನೀಲಿ. ಹಣೆಯ ಮೇಲೆ ಮಖಮಲ್ಲಿನ ಚೂರು ಅಂಟಿಸಿದ ಹಾಗೆ ಕಪ್ಪು ಪಟ್ಟೆ. ಕೊಕ್ಕು ಹವಳದ ಕೆಂಪು, ಕಣ್ಣು ಹಳದಿ, ಗಂಟಲು ಬಿಳಿ, ಹೊಟ್ಟೆ ತೆಳು ಕಂದು. ಅಷ್ಟು ಬಣ್ಣವನ್ನು ಅಷ್ಟು ಚಿಕ್ಕ ಮೈಗೆ ಹಾಕಿಕೊಂಡ ಆ ಹಕ್ಕಿ ತಲೆ ಕೆಳಗೆ ಮಾಡಿಕೊಂಡು, ಬಾಲವನ್ನು ಆಕಾಶಕ್ಕೆ ತೋರಿಸುತ್ತ, ನೇರ ಕಾಂಡದ ಮೇಲೆ ನನ್ನ ಕಡೆಗೇ ಇಳಿದು ಬರುತ್ತಿತ್ತು. ಬೀಳುತ್ತಿರಲಿಲ್ಲ, ಹಾರುತ್ತಿರಲಿಲ್ಲ, ನಾವು ಅಂಗಳದಲ್ಲಿ ನಡೆಯುವ ಹಾಗೆ ನಡೆದುಕೊಂಡು ಬರುತ್ತಿತ್ತು. ನನ್ನ ಎದೆ ಮಟ್ಟಕ್ಕೆ ಬಂದಾಗ ನಡುವೆ ನಾಲ್ಕು ಮಾರು ದೂರ ಇದ್ದಿರಬೇಕು. ಅಲ್ಲಿ ಒಂದು ತೊಗಟೆ ಬಿಲ್ಲೆ ಸ್ವಲ್ಪ ಎದ್ದಿತ್ತು. ಹಕ್ಕಿ ಅದರ ಮೇಲಂಚಿಗೆ ಎರಡು ಸಲ ಕುಟ್ಟಿತು, ತಲೆಯನ್ನು ಪಕ್ಕಕ್ಕೆ ಹೊರಳಿಸಿ ಒಂದು ಕಣ್ಣಿಂದ ಒಳಗೆ ನೋಡಿತು, ಮತ್ತೆ ಒಂದು ಸಲ ಕುಟ್ಟಿ ಕೊಕ್ಕನ್ನು ಸಂದಿಯೊಳಗೆ ಇಳಿಸಿತು. ಹೊರಬಂದಾಗ ಕೊಕ್ಕಿನ ತುದಿಯಲ್ಲಿ ಜೇಡನ ಮೊಟ್ಟೆಯ ಬಿಳಿ ಹತ್ತಿ ಉಂಡೆ. ಅದನ್ನು ತೊಗಟೆಗೆ ಒರೆಸಿ ಒರೆಸಿ ನೂಲು ಬಿಡಿಸಿ ತಿಂದಿತು. ಎರಡು ಸಲ, ಆಮೇಲೆ ಒಂದು ಸಲ. ನನಗೆ ತಕ್ಷಣ ಅಪ್ಪನ ಕೈ ನೆನಪಾಯಿತು.

ಸ್ವಲ್ಪ ಮೇಲೆ ಇನ್ನೊಂದು ಇತ್ತು. ಮೊದಲನೆಯದರ ಕಣ್ಣಿನ ಮೇಲಿಂದ ಹಿಂದಕ್ಕೆ ಹುಬ್ಬು ತೀಡಿದ ಹಾಗೆ ಒಂದು ಕಪ್ಪು ಗೆರೆ ಓಡಿತ್ತು, ಇದಕ್ಕೆ ಅದು ಇರಲಿಲ್ಲ. ಗೆರೆ ಇರುವುದು ಗಂಡು, ಇಲ್ಲದ್ದು ಹೆಣ್ಣು. ಎರಡೂ ಒಂದನ್ನೊಂದು ಕೂಗಿಕೊಂಡೇ ಇದ್ದವು, ಕಾಣಿಸದಿದ್ದರೂ ಇದ್ದೇನೆ ಅಂತ ತಿಳಿಸುವ ಹಾಗೆ. ಹತ್ತು ನಿಮಿಷದಲ್ಲಿ ಇಡೀ ಸಂತೆ ಮುಂದಿನ ಮರಗಳಿಗೆ ಸರಿದುಹೋಯಿತು. ಜೊತೆಗಿದ್ದ ಅರಣ್ಯ ಕಾವಲುಗಾರರು, "ಅದು ಹಂಗೇ ಮೇಡಂ, ಮೇಲಿಂದ ಕೆಳಕ್ಕೆ ಗುಡಿಸ್ಕೊಂಡು ಬರತ್ತೆ" ಅಂದರು. ಎಷ್ಟು ಸರಿಯಾದ ಮಾತು ಅನ್ನುವುದು ಆಮೇಲೆ ಓದಿಕೊಂಡಾಗ ಗೊತ್ತಾಯಿತು.

ಇಳಿಯುವ ವಿದ್ಯೆ

ಮರ ಹತ್ತುವ ಹಕ್ಕಿ ಅಂದರೆ ನಮಗೆ ಮೊದಲು ನೆನಪಾಗುವುದು ಮರಕುಟಿಗ. ಅದರ ಬಾಲದ ಗರಿಗಳು ಬಿರುಸು. ಎರಡು ಕಾಲು ಮತ್ತು ಬಾಲ ಸೇರಿ ಮುಕ್ಕಾಲು ಪೀಠದ ಹಾಗೆ ಕಾಂಡಕ್ಕೆ ಒತ್ತಿಕೊಂಡು ಕೂರುತ್ತದೆ. ಆ ಬಾಲದ ಆಸರೆ ಇರುವುದರಿಂದಲೇ ಅದಕ್ಕೆ ತಲೆ ಮೇಲಿರಬೇಕು, ಬಾಲ ಕೆಳಗಿರಬೇಕು. ಕೆಳಗೆ ಬರಬೇಕಾದರೆ ಹಿಂದಹಿಂದಕ್ಕೆ ಜಾರುತ್ತದೆ, ಇಲ್ಲವೇ ಹಾರಿಬಿಡುತ್ತದೆ. ನಾನು ಕಂಡ ಹಕ್ಕಿಯ ಬಾಲ ಮೋಟು, ಮೆತ್ತಗಿನದ್ದು, ಆಸರೆಗೆ ಬಾರದ್ದು. ಅದರ ಶಕ್ತಿಯೆಲ್ಲ ಕಾಲಿನಲ್ಲಿ. ಮೂರು ಬೆರಳು ಮುಂದೆ, ಒಂದು ಹಿಂದೆ. ಹಿಂದಿನ ಬೆರಳಿನ ಉಗುರು ಉದ್ದವಾಗಿ, ಬಲವಾಗಿ ಬಾಗಿದೆ. ಇಳಿಯುವಾಗ ಎರಡೂ ಕಾಲನ್ನು ಜೋಡಿಸಿ ಇಡುವುದಿಲ್ಲ. ಒಂದು ಕಾಲು ಮೇಲೆ, ಅದರ ಕೊಕ್ಕೆಗೆ ಇಡೀ ಮೈ ನೇತುಬಿದ್ದಿರುತ್ತದೆ. ಇನ್ನೊಂದು ಕಾಲು ಕೆಳಗೆ, ಅದು ಊರುಗೋಲು. ಆಮೇಲೆ ಕಾಲು ಬದಲಾಗುತ್ತದೆ. ಅದಕ್ಕೇ ಅದು ನೂಲು ಹಿಡಿದ ಹಾಗೆ ನೆಟ್ಟಗೆ ಇಳಿಯುವುದಿಲ್ಲ, ಒಂದಿಷ್ಟು ಓರೆ ಓರೆಯಾಗಿ, ಎಡಕ್ಕೂ ಬಲಕ್ಕೂ ತಿರುಗುತ್ತ ಬರುತ್ತದೆ. ಕೊಂಬೆಯ ಅಡಿಭಾಗದಲ್ಲೂ ಅಷ್ಟೇ ಸಲೀಸಾಗಿ ಓಡಾಡುತ್ತದೆ.

ಇಷ್ಟು ಕಷ್ಟಪಟ್ಟು ತಲೆಕೆಳಗಾಗಿ ಏಕೆ ಇಳಿಯಬೇಕು? ಪಕ್ಷಿತಜ್ಞರು ಕೊಡುವ ವಿವರಣೆ ನನಗೆ ತುಂಬ ಹಿಡಿಸಿತು. ಕೆಳಗಿಂದ ಹತ್ತುವ ಹಕ್ಕಿಗೆ ತೊಗಟೆಯ ಬಿರುಕುಗಳು ಒಂದು ಕಡೆಯಿಂದ ಕಾಣುತ್ತವೆ, ಮೇಲಿಂದ ಇಳಿಯುವ ಹಕ್ಕಿಗೆ ಇನ್ನೊಂದು ಕಡೆಯಿಂದ. ಮರಕುಟಿಗ ಹಾದುಹೋದ ಕಾಂಡದ ಮೇಲೇ ಅದರ ಕಣ್ಣಿಗೆ ಬೀಳದೆ ಉಳಿದ ಹುಳ, ಜೇಡ, ಮೊಟ್ಟೆ ಇದಕ್ಕೆ ಸಿಗುತ್ತವೆ. ಒಂದೇ ಮರ, ಒಂದೇ ತೊಗಟೆ, ಆದರೆ ತಿರುಗಿ ನೋಡಿದರೆ ಇನ್ನೊಂದು ಊಟ. ಸಾಮಿಲ್ಲಿನಲ್ಲಿ ದಿಮ್ಮಿಯನ್ನು ಟ್ರಾಲಿಯ ಮೇಲೆ ಹೊರಳಿಸಿ ಹಾಕಿದಾಗ, ಅಲ್ಲಿಯವರೆಗೂ ಕಾಣದಿದ್ದ ಗಂಟು, ಸೀಳು ಎಲ್ಲ ಒಮ್ಮೆಗೇ ಕಣ್ಣಿಗೆ ಬೀಳುತ್ತಿದ್ದವು. ಅದೇ ಲೆಕ್ಕ.

ಇಂಗ್ಲಿಷಿನಲ್ಲಿ ಈ ಕುಲದ ಹಕ್ಕಿಗಳನ್ನು ನಟ್‌ಹ್ಯಾಚ್ ಅನ್ನುತ್ತಾರೆ. ಯುರೋಪಿನ ಜಾತಿ ಗಟ್ಟಿ ಸಿಪ್ಪೆಯ ಬೀಜಗಳನ್ನು ತೊಗಟೆಯ ಸಂದಿಗೆ ಸಿಕ್ಕಿಸಿ ಕೊಕ್ಕಿನಿಂದ ಕುಟ್ಟಿ ಒಡೆಯುತ್ತದೆ, ಚಳಿಗಾಲಕ್ಕೆ ಬೀಜ ಬಚ್ಚಿಡುತ್ತದೆ, ಹೆಸರು ಅಲ್ಲಿಂದ ಬಂದದ್ದು. ನಮ್ಮ ಕಾಡಿನ ಈ ಹಕ್ಕಿ ಮುಖ್ಯವಾಗಿ ಹುಳ ಮತ್ತು ಜೇಡಗಳ ಮೇಲೆ ಬದುಕುವುದು, ಹಾಗಾಗಿ ಆ ಹೆಸರು ಇದಕ್ಕೆ ಒಗ್ಗುವುದಿಲ್ಲ. 1820ರಲ್ಲಿ ವಿಲಿಯಂ ಸ್ವೇನ್ಸನ್ ಇದಕ್ಕೆ ಕೊಟ್ಟ ವೈಜ್ಞಾನಿಕ ಹೆಸರು ಸಿಟ್ಟಾ ಫ್ರಾಂಟಾಲಿಸ್, ಹಣೆಯ ಗುರುತನ್ನು ಹಿಡಿದು ಇಟ್ಟದ್ದು. ನಾನು ನನ್ನ ನೋಟ್‌ಬುಕ್ಕಿನಲ್ಲಿ ತಲೆಕೆಳಗಿನ ಹಕ್ಕಿ ಅಂತ ಬರೆದುಕೊಂಡೆ. ಮನೆಯಲ್ಲಿ ಈಗ ಎಲ್ಲರೂ ಹಾಗೇ ಕರೆಯುತ್ತಾರೆ.

ಬಾಗಿಲಿಗೆ ಗಾರೆ

ಮಾರನೇ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಮತ್ತೆ ಮುತ್ತೋಡಿಗೆ ಹೋದೆ. ಈ ಸಲ ಕಂಡದ್ದು ಒಂದು ಪೊಟರೆ. ಮುರಿದುಬಿದ್ದ ಕೊಂಬೆಯ ಬುಡದಲ್ಲಿ, ಎರಡು ಆಳೆತ್ತರದಲ್ಲಿ, ಹುಣಸೆ ಬೀಜದ ಆಕಾರದ ಕಿಂಡಿ. ಹಕ್ಕಿ ಕೊಕ್ಕಿನ ತುಂಬ ಹಸಿರು ಪಾಚಿ ಹಿಡಿದುಕೊಂಡು ಬಂತು, ಕಿಂಡಿಯ ಪಕ್ಕದಲ್ಲಿ ತಲೆಕೆಳಗಾಗಿ ಒಂದು ಗಳಿಗೆ ನಿಂತಿತು, ಒಳಗೆ ನುಸುಳಿತು. ನಾನು ದೂರದಿಂದ ಕಾಲು ಗಂಟೆ ನೋಡಿ ಅಲ್ಲಿಂದ ಎದ್ದುಬಂದೆ. ಗೂಡಿನ ಮುಂದೆ ಹೆಚ್ಚು ಹೊತ್ತು ನಿಲ್ಲಬಾರದು. ಪಾಚಿ, ಪುಕ್ಕ, ಪ್ರಾಣಿಗಳ ಕೂದಲು ಹಾಸಿದ ಆ ಹಾಸಿಗೆಯ ಮೇಲೆ 3ರಿಂದ 6 ಮೊಟ್ಟೆ ಇಡುತ್ತದೆ, ಬಿಳಿ ಮೊಟ್ಟೆಯ ಮೇಲೆ ಇಟ್ಟಿಗೆ ಬಣ್ಣದ ಚುಕ್ಕೆ.

ನನ್ನನ್ನು ಬಹಳ ದಿನ ಕಾಡಿದ್ದು ಆ ಕಿಂಡಿ. ಆ ಕೊಕ್ಕು ತೊಗಟೆ ಎಬ್ಬಿಸಲು ಸಾಕು. ಮೆತ್ತಗಾದ ಮರವಾದರೆ ಕಿಂಡಿಯನ್ನು ಒಂದಿಷ್ಟು ಕೆರೆದು ಅಗಲ ಮಾಡಿಕೊಳ್ಳಬಲ್ಲದು. ಆದರೆ ಮರಕುಟಿಗದ ಹಾಗೆ ಗಟ್ಟಿ ಕಾಂಡವನ್ನು ಕೊರೆದು ಮನೆ ಕಟ್ಟುವ ಶಕ್ತಿ ಅದಕ್ಕಿಲ್ಲ. ಅಂದರೆ ಅದರ ಸಂಸಾರ ಶುರುವಾಗುವ ಮೊದಲೇ ಬೇರೆ ಯಾರೋ, ಬೇರೆ ಏನೋ, ಎಷ್ಟೋ ವರ್ಷ ಕೆಲಸ ಮಾಡಿ ಮುಗಿಸಿರಬೇಕು. ಗಾಳಿಗೆ ಕೊಂಬೆ ಮುರಿಯಬೇಕು, ಆ ಗಾಯದಲ್ಲಿ ಮಳೆನೀರು ನಿಲ್ಲಬೇಕು, ಅಣಬೆಯ ಜಾತಿಯ ಶಿಲೀಂಧ್ರ ಒಳಗಿನ ಚೇಗನ್ನು ನಿಧಾನವಾಗಿ ತಿನ್ನಬೇಕು. ಇಲ್ಲವೇ ಮರಕುಟಿಗ ಕೊರೆದು, ಮರಿ ಮಾಡಿ, ಬಿಟ್ಟುಹೋಗಿರಬೇಕು. ಮರಕುಟಿಗಗಳು ಹೆಚ್ಚಾಗಿ ವರ್ಷಕ್ಕೊಂದು ಹೊಸ ಪೊಟರೆ ಕೊರೆಯುತ್ತವೆ, ಹಳೆಯದು ಕಾಡಿನ ಉಳಿದವರ ಪಾಲು.

ಸಿಕ್ಕ ಪೊಟರೆ ಎಲ್ಲರಿಗೂ ಬೇಕು. ಅದನ್ನು ಉಳಿಸಿಕೊಳ್ಳಲು ಈ ಕುಲದ ಹಕ್ಕಿಗಳು ಕಂಡುಕೊಂಡ ದಾರಿಗಳನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೇನೆ. ನಮ್ಮ ದೇಶದ್ದೇ ಇನ್ನೊಂದು ಜಾತಿ, ಬೂದುನೀಲಿ ಬೆನ್ನಿನ, ಕಗ್ಗಂದು ಹೊಟ್ಟೆಯ ಸಿಟ್ಟಾ ಕ್ಯಾಸ್ಟೇನಿಯ, ಪೊಟರೆಯ ಬಾಯಿ ದೊಡ್ಡದಿದ್ದರೆ ಹಸಿ ಮಣ್ಣು ತಂದು ಸುತ್ತ ಮೆತ್ತಿ, ತನ್ನ ಮೈ ಮಾತ್ರ ತೂರುವಷ್ಟು ಕಿರಿದು ಮಾಡಿಕೊಳ್ಳುತ್ತದೆ. ಒಣಗಿದ ಮೇಲೆ ಅದು ಗಾರೆಯ ಹಾಗೆ ಗಟ್ಟಿ. (2005ರವರೆಗೆ ಈ ಹಕ್ಕಿಯನ್ನು ಹಿಮಾಲಯದ ತಪ್ಪಲಿನದು ಮತ್ತು ಬರ್ಮಾ ಕಡೆಯದರ ಜೊತೆ ಸೇರಿಸಿ ಒಂದೇ ಜಾತಿ ಅಂತ ಎಣಿಸುತ್ತಿದ್ದರು. ಆ ವರ್ಷ ಬಂದ ದಕ್ಷಿಣ ಏಷ್ಯಾದ ಹಕ್ಕಿಗಳ ದೊಡ್ಡ ಕೈಪಿಡಿಯಲ್ಲಿ ಮೂರಾಗಿ ಬೇರ್ಪಡಿಸಿದರು.) ಯುರೋಪಿನದೂ ಮಣ್ಣು ಮೆತ್ತುತ್ತದೆ, ಗಾರೆ ಕೆಲಸವೆಲ್ಲ ಹೆಣ್ಣಿನದ್ದು. ಉತ್ತರ ಅಮೆರಿಕದ ಕೆಂಪು ಎದೆಯ ಜಾತಿ ಪೈನ್ ಮರಗಳ ಅಂಟನ್ನು ತಂದು ಬಾಗಿಲ ಸುತ್ತ ಬಳಿಯುತ್ತದೆ. ಗಂಡು ಹೊರಗೆ, ಹೆಣ್ಣು ಒಳಗೆ. ಆ ಅಂಟು ತಮಗೆ ಮೆತ್ತದಿರಲಿ ಅಂತ ಬಾಗಿಲ ಮೇಲೆ ಕೂರದೆ ಹಾರಿಬಂದ ಭರದಲ್ಲೇ ನೇರ ಒಳಗೆ ನುಗ್ಗುತ್ತವೆ. ಅಲ್ಲಿಯದೇ ಬಿಳಿ ಎದೆಯ ಜಾತಿ ಕೊಕ್ಕಿನಲ್ಲಿ ದುಂಬಿ ಹಿಡಿದು, ಮುಟ್ಟಿದರೆ ಚರ್ಮ ಬೊಬ್ಬೆ ಬರುವಂಥ ದುಂಬಿ, ಪೊರಕೆ ಆಡಿಸಿದ ಹಾಗೆ ಬಾಗಿಲ ಸುತ್ತಲೂ ಉಜ್ಜುತ್ತದೆ. ಅಳಿಲುಗಳನ್ನು ದೂರ ಇಡಲು ಇರಬೇಕು ಅಂತ ಹೇಳುತ್ತಾರೆ. ಇನ್ನೊಂದು, ಕಂದು ತಲೆಯದು, ತೊಗಟೆಯ ಒಂದು ಚೂರನ್ನು ಕೊಕ್ಕಿನಲ್ಲಿ ಹಿಡಿದು ಮೀಟುಗೋಲಿನ ಹಾಗೆ ಬಳಸಿ ಇನ್ನೊಂದು ತೊಗಟೆ ಎಬ್ಬಿಸುತ್ತದೆ.

ಮತ್ತೊಂದು ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1975ರಲ್ಲಿ ಜಾನ್ ಪಿಯರ್ ಲೆದಾಂ ಎಂಬ ಬೆಲ್ಜಿಯಂ ದೇಶದವರು ಅಲ್ಜೀರಿಯಾದ ಬಾಬೋರ್ ಬೆಟ್ಟ ಹತ್ತಿದಾಗ ಅದರ ನೆತ್ತಿಯ ಕಾಡಿನಲ್ಲಿ ಅಲ್ಲಿಯವರೆಗೆ ವಿಜ್ಞಾನಕ್ಕೆ ಗೊತ್ತೇ ಇರದಿದ್ದ ಒಂದು ನಟ್‌ಹ್ಯಾಚ್ ಕಂಡಿತು. ಆಮೇಲೆ ಅದೇ ಸೀಮೆಯ ಇನ್ನೂ ಕೆಲವು ಕಾಡುಗಳಲ್ಲಿ ಸಿಕ್ಕಿತು, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹಳೆಯ ಮರಗಳಿರುವ ಬೆಟ್ಟ ಒಂದು ಇಡೀ ಜಾತಿಯನ್ನು ಅಷ್ಟು ಕಾಲ ಬಚ್ಚಿಟ್ಟುಕೊಂಡಿತ್ತು. ಇದನ್ನು ಓದಿದ ದಿನ ನನಗೆ ನಮ್ಮ ಬೆಟ್ಟದ ಮೇಲೆ ಹೊಸ ಆಸೆ ಹುಟ್ಟಿತು.

ದುರ್ಗದ ಜಾಲಾರಿ

ನಮ್ಮ ಬೆಟ್ಟ ಅಂದರೆ ದೇವರಾಯನದುರ್ಗ. ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ, ಈಚೆಗೆ ನಾಮದ ಚಿಲುಮೆ. ಜಯಮಂಗಲಿ ಹುಟ್ಟುವ ಬೆಟ್ಟ. ಮುತ್ತೋಡಿಯಿಂದ ಬಂದ ಮೇಲೆ ಪ್ರತಿ ಚಳಿಗಾಲ ತಿಂಗಳಿಗೆ ಎರಡು ಭಾನುವಾರ ಅಲ್ಲಿಗೆ ಹೋಗುತ್ತೇನೆ. ಬಂಡೆ ಇಳಿಜಾರಿನಲ್ಲಿ ಹಳದಿ ಕೊರಳಿನ ಪಿಕಳಾರ ನೋಡಲು ಬೇರೆ ಊರಿನವರು ಕ್ಯಾಮೆರಾ ಹಿಡಿದು ಬರುತ್ತಾರೆ, ಭಾರತದ ದಕ್ಷಿಣ ಭಾಗದ ಕಲ್ಲು ಬೆಟ್ಟಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲದ ಹಕ್ಕಿ ಅದು. ನಾನು ಮಾತ್ರ ಬಂಡೆಗೆ ಬೆನ್ನು ಹಾಕಿ ಜಾಲಾರಿ, ದಿಂಡಿಗದ ಕಾಂಡಗಳನ್ನು ಬುಡದಿಂದ ನೆತ್ತಿಯವರೆಗೆ ಬೈನಾಕ್ಯುಲರ್‌ನಿಂದ ಸವರುತ್ತ ನಿಲ್ಲುತ್ತೇನೆ. ಜಾಲಾರಿ ಹೂ ಬಿಡುವ ಬೇಸಿಗೆಯ ಬೆಳಿಗ್ಗೆಗಳಲ್ಲಿ ಆ ಕಾಡಿಗೆ ಒಂದು ಪರಿಮಳ ಬರುತ್ತದೆ. ಅದನ್ನು ಮೂಸಿದವರಿಗೆ ತುಮಕೂರು ಒಣ ಜಿಲ್ಲೆ ಅನ್ನುವ ಮಾತು ನಂಬಲು ಕಷ್ಟವಾಗುತ್ತದೆ.

ತಲೆಕೆಳಗಿನ ಹಕ್ಕಿ ನನಗೆ ಅಲ್ಲಿ ಇನ್ನೂ ಕಂಡಿಲ್ಲ. ಆದರೆ ಅದನ್ನು ಹುಡುಕುವ ನೆಪದಲ್ಲಿ ನಾನು ಪೊಟರೆ ನೋಡುವುದನ್ನು ಕಲಿತೆ. ಒಮ್ಮೆ ಕಣ್ಣಿಗೆ ಅಭ್ಯಾಸವಾದರೆ ಆಮೇಲೆ ಮರ ಕಾಣುವ ಮೊದಲು ಪೊಟರೆ ಕಾಣುತ್ತದೆ. ಒಂದು ಬೆಳಿಗ್ಗೆ ನಾಮದ ಚಿಲುಮೆಯಿಂದ ಬೆಟ್ಟದ ಬುಡದವರೆಗೆ ರಸ್ತೆ ಬದಿಯಲ್ಲಿ ಎಣಿಸುತ್ತ ನಡೆದೆ, 9 ಸಿಕ್ಕವು. 4ರಲ್ಲಿ ಗಿಳಿಗಳು. ಒಂದರ ಬಾಯಲ್ಲಿ ಗೊರವಂಕದ ಜೋಡಿ ಜಗಳವಾಡುತ್ತಿತ್ತು. ಒಣಗಿದ ಕೊಂಬೆಯೊಂದರ ಅಡಿಭಾಗದಲ್ಲಿ ಕಂಪಾಸ್ ಇಟ್ಟು ಬರೆದಷ್ಟು ದುಂಡಗಿನ ತೂತು, ಚಿಕ್ಕ ಕುಟ್ರುಹಕ್ಕಿ ಕೊರೆದದ್ದು. ಒಂದರಿಂದ ಅಳಿಲಿನ ಬಾಲ ಹೊರಗೆ ಇಣುಕಿತ್ತು. ಇನ್ನೊಂದರಲ್ಲಿ ಹೆಜ್ಜೇನಲ್ಲ, ತುಡುವೆ ಜೇನು. ಖಾಲಿ ಇದ್ದದ್ದು ಒಂದೇ, ಅದರ ಬಾಯಿ ಬಿಸಿಲಿಗೆ ಮುಖ ಮಾಡಿತ್ತು. ಈ 9ರಲ್ಲಿ 7 ಪೊಟರೆ ಇದ್ದದ್ದು ಮೂರೇ ಮರಗಳಲ್ಲಿ. ಮೂರೂ ಮುದುಕ ಮರಗಳು. ಉಳಿದ ನೂರಾರು ಮರಗಳ ಮೈ ಹುಡುಗರ ಕೆನ್ನೆಯ ಹಾಗೆ ನುಣುಪು.

ಇದನ್ನು ಕಂಡ ಮೇಲೆ ಒಂದು ವಿಷಯ ನನ್ನನ್ನು ಬಿಡದೆ ಹಿಡಿದಿದೆ. ನಾವು ಕಾಡನ್ನು ಸಸಿಗಳಲ್ಲಿ ಎಣಿಸುತ್ತೇವೆ. ಜೂನ್ ಬಂದರೆ ಎಷ್ಟು ನೆಟ್ಟೆವು ಅನ್ನುತ್ತೇವೆ. ನೆಡಬೇಕು, ನಾನೂ ನೆಟ್ಟಿದ್ದೇನೆ. ಆದರೆ ಇವತ್ತು ನೆಟ್ಟ ಸಸಿಯಲ್ಲಿ ಪೊಟರೆ ಬೀಳುವುದು ನಮ್ಮ ಮೊಮ್ಮಕ್ಕಳ ಕಾಲಕ್ಕೆ. ಅಷ್ಟರವರೆಗೆ ಈ ಹಕ್ಕಿಗಳಿಗೆ ಮನೆ ಕೊಡಬೇಕಾದದ್ದು ಈಗಾಗಲೇ ಮುದಿಯಾಗಿರುವ ಮರ, ಸತ್ತು ನಿಂತಿರುವ ಮರ, ಅರ್ಧ ಒಣಗಿದ ಕೊಂಬೆ. ಅದನ್ನೇ ನಾವು ಮೊದಲು ಕಡಿಯುವುದು. ರಸ್ತೆ ಅಗಲ ಮಾಡುವಾಗ ಸಾಲು ಹುಣಸೆ ಹೋಯಿತು. ತೋಟದ ಬದುವಿನ ಒಣಮರ ಸೌದೆಗೆ ಹೋಯಿತು. ನೀಲಗಿರಿ ತೋಪು ನೋಡಲು ಕಾಡಿನ ಹಾಗೇ ಹಸಿರು, ಆದರೆ ಹತ್ತು ವರ್ಷ ತುಂಬುವುದರೊಳಗೆ ಕಟಾವಿಗೆ ಬರುವ ಮರಕ್ಕೆ ಮುದಿಯಾಗಲು ಪುರುಸೊತ್ತೆಲ್ಲಿ? ಅದರ ಮೈಮೇಲೆ ಸಂದಿಯಿಲ್ಲ, ಬಿರುಕಿಲ್ಲ, ತೊಗಟೆಯೂ ಸಿಪ್ಪೆ ಸಿಪ್ಪೆಯಾಗಿ ಕಳಚಿಬೀಳುತ್ತದೆ. ಮೇಲಿಂದ ಕೆಳಕ್ಕೆ ಗುಡಿಸಿಕೊಂಡು ಬರುವ ಹಕ್ಕಿಗೆ ಅಲ್ಲಿ ಗುಡಿಸಲು ಏನೂ ಇಲ್ಲ.

ಟೊಳ್ಳು ಅಂದರೆ ಸತ್ತ ಮರ ಅಂತಲೇ ನಾನೂ ತಿಳಿದಿದ್ದೆ, ಅದು ತಪ್ಪು. ಮರದ ಜೀವ ಇರುವುದು ಹೊರಗಿನ ಸುತ್ತಿನಲ್ಲಿ. ತೊಗಟೆಯ ಒಳಗಿನ ತೆಳು ಪದರ ಮತ್ತು ಅದಕ್ಕಂಟಿದ ಬಿಳಿ ಭಾಗ ನೀರು, ಆಹಾರ ಸಾಗಿಸುತ್ತವೆ. ನಡುವಿನ ಚೇಗು ಮರಕ್ಕೆ ಬೆನ್ನೆಲುಬೇ ಹೊರತು ಅದರಲ್ಲಿ ಉಸಿರಿಲ್ಲ. ಅದು ಕರಗಿಹೋದರೂ ಹೊರಗಿನ ಕೊಳವೆ ಗಟ್ಟಿ ಇದ್ದರೆ ಮರ ಇನ್ನೂ ಹತ್ತಾರು ವರ್ಷ ಚಿಗುರುತ್ತದೆ, ಹೂ ಬಿಡುತ್ತದೆ. ಇದನ್ನು ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಪ್ಪೆ ಮರ ಜ್ಞಾಪಕ ಇದೆಯೇನಮ್ಮ?" ಅಂದರು.

ಮಾವನ ಹೊಲದ ಹಿಪ್ಪೆ

ಇತ್ತು. 1991ರ ಬೇಸಿಗೆ, ನಾನು ಐದನೇ ಕ್ಲಾಸು ಮುಗಿಸಿದ್ದೆ. ಕೊರಟಗೆರೆ ಹತ್ತಿರದ ಅಮ್ಮನ ತವರಿನಲ್ಲಿ ಮಾವನ ಹೊಲದ ಬದುವಿಗೆ ಒಂದು ಹಿಪ್ಪೆ ಮರ. ನಾನೂ ಮಾವನ ಮಗಳೂ ಕೈ ಕೈ ಹಿಡಿದು ತಬ್ಬಿದರೂ ಸುತ್ತು ಮುಗಿಯುತ್ತಿರಲಿಲ್ಲ. ಆ ವರ್ಷ ಮಳೆ ಕೈಕೊಟ್ಟು ಮಾವನಿಗೆ ದುಡ್ಡಿನ ಅಡಚಣೆ. ಮರ ಕೊಡುತ್ತೇನೆ, ಭಾವನೇ ಬೆಲೆ ಕಟ್ಟಲಿ, ಹೊರಗಿನವರಾದರೆ ಮೋಸ ಮಾಡುತ್ತಾರೆ ಅಂತ ಹೇಳಿ ಕಳಿಸಿದ್ದರು. ಅಪ್ಪ ಹೋಗಿ ಟೇಪು ಹಿಡಿದು ಸುತ್ತಳತೆ ನೋಡಿದರು, ತಲೆಯೆತ್ತಿ ನೆತ್ತಿ ನೋಡಿದರು, ಆಮೇಲೆ ತಟ್ಟಿದರು. ಎರಡು ಸಲ, ಒಂದು ಸಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ತಟ್ಟಿದರು. ಹಾಗೆ ಮರವನ್ನು ಒಂದು ಪೂರ್ತಿ ಸುತ್ತು ಹಾಕಿ ಬಂದು ಮಾವನ ಮುಖ ನೋಡದೆ, "ಟೊಳ್ಳು ಕಣಯ್ಯ. ಒಳಗೆಲ್ಲ ಲಡ್ಡಾಗೋಗಿದೆ. ಕೊಯ್ದ ಕೂಲಿನೂ ಹುಟ್ಟಲ್ಲ" ಅಂದರು. ಮಾವ ಏನೂ ಮಾತಾಡಲಿಲ್ಲ. ತಾನು ಕೊಟ್ಟ ದುಡ್ಡನ್ನು ಮರದ ಬೆಲೆ ಅನ್ನದೆ ಸಾಲ ಅಂತಲೇ ಅಪ್ಪ ಕೊಟ್ಟು ಬಂದರು, ಆದರೂ ಮಾವನಿಗೆ ಬೇಸರವಾಗಿತ್ತು. ಇಷ್ಟು ದೊಡ್ಡ ಮರ, ಒಂದು ಬೆಲೆ ಇಲ್ಲದೆ ಹೋಯಿತಲ್ಲ ಅಂತ ಅಜ್ಜಿ ಸಂಜೆ ಒಲೆ ಮುಂದೆ ಕೂತು ಹಲುಬಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಬೆಲೆ ಇಲ್ಲದ ಮರ ಕೊಯ್ಯುವ ಕೂಲಿಯೂ ಹುಟ್ಟುವುದಿಲ್ಲವೆಂದು ಉಳಿದುಕೊಂಡಿತು. ಆ ಬದುವಿನ ಗಟ್ಟಿ ಮರಗಳು, ಎರಡು ಹಲಸು, ಒಂದು ಹೊನ್ನೆ, ಒಂದು ಬೇವು, ಒಂದೊಂದಾಗಿ ಎಲ್ಲ ಹೋದವು. ಕೆಲವು ನಮ್ಮ ಸಾಮಿಲ್ಲಿಗೇ ಬಂದವು.

ಕಳೆದ ಆಷಾಢದ ಗಾಳಿಗೆ ಹಿಪ್ಪೆಯ ಒಂದು ದೊಡ್ಡ ಕೊಂಬೆ ಸೀಳಿ ಬಿತ್ತು. ಮಾವ ಫೋನ್ ಮಾಡಿದರು. ಅಪ್ಪನನ್ನು ಕರೆದುಕೊಂಡು ಹೋದೆ, ಅವರಿಗೀಗ 78. ಕೊಂಬೆ ಬುಡದಲ್ಲಿ ಉದ್ದಕ್ಕೆ ಬಿರಿದು, ಪೊಟರೆ ಅಂಗೈ ಬಿಚ್ಚಿದ ಹಾಗೆ ತೆರೆದುಕೊಂಡಿತ್ತು. ನಾನು ಅದರ ಮುಂದೆ ಕೂತೆ. ತಳದಲ್ಲಿ ಮೊಳಕಾಲಷ್ಟು ಆಳ ತುಂಬಿದ್ದ ಪುಡಿಯನ್ನು ಕಡ್ಡಿಯಿಂದ ನಿಧಾನವಾಗಿ ಕೆದಕುತ್ತ ಹೋದೆ. ಮೇಲಿನ ಪದರ ತೆಂಗಿನ ನಾರು, ಗೋಣಿ ದಾರ, ಒಂದು ಚಾಕೊಲೇಟ್ ಕವರು, ಅದು ಅಳಿಲಿನದ್ದು. ಅದರ ಕೆಳಗೆ ಒಣಹುಲ್ಲು, ಬೇರುನಾರು, ಬಿಳಿ ಪುಕ್ಕ, ಬೆರಳುದ್ದದ ಹಾವಿನ ಪೊರೆ. ಪೊರೆ ತಂದು ಗೂಡಿಗೆ ಹಾಕುವುದು ಗೊರವಂಕದ ಅಭ್ಯಾಸ. ಅದಕ್ಕೂ ಕೆಳಗೆ ಹೆಬ್ಬೆರಳಿನ ತುದಿಯಷ್ಟು ಒಣ ಉಂಡೆಗಳು. ಒಂದನ್ನು ಒಡೆದರೆ ತುಂಬ ಹೊಳೆಯುವ ದುಂಬಿ ರೆಕ್ಕೆಯ ಚೂರು, ಹಲ್ಲಿಯ ದವಡೆಯ ಕೂದಲೆಳೆ ಮೂಳೆ. ಹಾಲಕ್ಕಿ ಅನ್ನುವ ಚಿಕ್ಕ ಗೂಬೆ ತಿಂದು, ಅರಗದ್ದನ್ನು ಕಾರಿದ ಉಂಡೆ ಅವು. ಎಲ್ಲದರ ತಳದಲ್ಲಿ ಕಾಫಿಪುಡಿ ಬಣ್ಣದ, ಬೆರಳಲ್ಲಿ ಹಿಸುಕಿದರೆ ಅಂಟುವ, ಮಳೆ ಬಿದ್ದ ಹೊಲದ ವಾಸನೆಯ ಪುಡಿ. ಒಂದು ಕಾಲಕ್ಕೆ ಚೇಗಾಗಿದ್ದದ್ದು. ಅದರೊಳಗೆ ಬಿಳಿ ಮರಿಹುಳವೊಂದು ಸುರುಳಿ ಸುತ್ತಿ ಮಲಗಿತ್ತು.

ಅಪ್ಪ ಕಷ್ಟಪಟ್ಟು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಆ ಪುಡಿಯನ್ನು ಹಿಡಿಯಷ್ಟು ಎತ್ತಿ ಮೂಸಿದರು. 32 ವರ್ಷ ಮರದ ಹೊಟ್ಟಿನ ನಡುವೆ ಬದುಕಿದವರು. "ಇದು ಹೊಟ್ಟಲ್ಲಮ್ಮ, ಮಣ್ಣು. ಮರದೊಳಗೇ ಮಣ್ಣಾಗಿದೆ ನೋಡು" ಅಂದರು. ಒಂದೊಂದು ಪದರವನ್ನೂ ಯಾರದು ಅಂತ ಕೇಳಿದರು, ಹೇಳಿದೆ. ಹಾಲಕ್ಕಿಯ ಉಂಡೆಯೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ಬಿಸಿಲಿಗೆ ಹಿಡಿದು, ದುಂಬಿಯ ರೆಕ್ಕೆ ಹಸಿರು ಮಿನುಗುವುದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುರಿದ ಕೊಂಬೆಯನ್ನು ಏನು ಮಾಡುವುದು ಅಂತ ಮಾವ ಕೇಳಿದಾಗ, ಬದುವಿಗೆ ಎಳೆದುಹಾಕಿ ಹಾಗೇ ಬಿಡು, ಅದರಲ್ಲೂ ಯಾರಾದರೂ ಇರುತ್ತಾರೆ ಅಂದರು.

ಆಮೇಲೆ ಮರದ ಹತ್ತಿರ ಹೋದರು. ಕೊಂಬೆ ಹೋದ ಜಾಗದಲ್ಲಿ ಹಸಿ ಗಾಯ, ಅದರ ಪಕ್ಕದ ಕವಲಿನಲ್ಲಿ ಇನ್ನೊಂದು ಪೊಟರೆ. ನಾವು ಬರುವಾಗ ಅದರ ಬಾಯಲ್ಲಿ ಎರಡು ಹಳದಿ ಕಣ್ಣು, ಬಿಳಿ ಹುಬ್ಬು ಕಂಡಿದ್ದವು, ಮಾತಿನ ಸದ್ದಿಗೆ ಒಳಗೆ ಸರಿದಿದ್ದವು. ಅಪ್ಪ ಎಂದಿನಂತೆ ಬಲಗೈ ಎತ್ತಿದರು. ಎತ್ತಿದ ಕೈ ತೊಗಟೆಯ ಹತ್ತಿರ ನಿಂತಿತು. ತಟ್ಟಲಿಲ್ಲ. ಅಂಗೈಯನ್ನು ಮರದ ಮೇಲೆ ಮೆಲ್ಲಗೆ ಊರಿ, ಹಾಗೇ ಇಟ್ಟುಕೊಂಡು ನಿಂತರು.

"ಹಗಲು ಹೊತ್ತಲ್ವಾ," ಅಂದರು, "ಮಲಗಿರತ್ತೆ."